ಅಧ್ಯಯನ ಪಾಠ: ಸಿಬ್ಬಂದಿಗೆ ತೆರೆಯುವ ಕಡತ ವೆಬ್ ತಂತ್ರಾಂಶಕ್ಕೆ ಏಕೆ ತೆರೆಯುವುದಿಲ್ಲ

ಗ್ರಾಮ ಪಂಚಾಯತಿ ಕಚೇರಿಯೊಂದರಲ್ಲಿ ಹಳೆಯ ತೆರಿಗೆ ಬೇಡಿಕೆ ವಹಿಗಳನ್ನೂ ಗ್ರಾಮಸಭೆಯ ನಡವಳಿ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಒಂದು ಗಣಕಯಂತ್ರದ ಹಂಚಿಕೆ ಫೋಲ್ಡರಿನಲ್ಲಿ ಇರಿಸಲಾಗಿದೆ ಎಂದು ಭಾವಿಸಬಹುದು. ಅವುಗಳನ್ನು ಹುಡುಕಿ ತೋರಿಸುವ ವೆಬ್ ತಂತ್ರಾಂಶವು ಮತ್ತೊಂದು ಯಂತ್ರದಲ್ಲಿ, ಅಂದರೆ ಸರ್ವರ್‌ನಲ್ಲಿ, ಕೆಲಸ ಮಾಡುತ್ತದೆ. ಮನೆಯ ಹಳೆಯ ತೆರಿಗೆ ನಮೂದಿನ ನಕಲು ಕೋರಿ ಬಂದ ಮಹಿಳೆಯ ಹೆಸರು ಪರದೆಯ ಮೇಲೆ ಮೂಡುತ್ತದೆ. ವಹಿಯ ಪುಟವನ್ನು ತೆರೆಯಹೋದರೆ ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಸೂಚನೆ ಬರುತ್ತದೆ. ಅದೇ ಪುಟವನ್ನು ಡಾಟಾ ಎಂಟ್ರಿ ಆಪರೇಟರ್ ತಮ್ಮ ಯಂತ್ರದಿಂದ ನೇರವಾಗಿ ತೆರೆದರೆ ತೆರೆಯುತ್ತದೆ. ಆಕೆಗೆ ಮಾತ್ರ ‘ಮುಂದಿನ ವಾರ ಬನ್ನಿ’ ಎಂಬ ಉತ್ತರ ದೊರೆಯುತ್ತದೆ.

ಇಂಥ ಸಂದರ್ಭದಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ನೀಡುವುದು ಸತ್ಯಕ್ಕೆ ದೂರವಾದುದು. ದಾಖಲೆ ಇದೆ, ತಂತ್ರಾಂಶಕ್ಕೆ ಅದು ಎಟುಕುತ್ತಿಲ್ಲ, ಅಷ್ಟೆ. ಮಾಹಿತಿ ಹಕ್ಕು ಅಧಿನಿಯಮ, 2005ರಂತೆ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಒದಗಿಸಬೇಕು. ಅದರ 8 ಮತ್ತು 9ನೇ ಪ್ರಕರಣಗಳು ಹೇಳುವ ನಿರಾಕರಣೆಯ ಕಾರಣಗಳಲ್ಲಿ ಯಂತ್ರದ ದೋಷ ಸೇರಿಲ್ಲ.

ಕಡತವನ್ನು ಕೇಳುತ್ತಿರುವವರು ಯಾರು ಎಂಬುದೇ ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ. ಆಪರೇಟರ್ ತೆರೆದಾಗ ಕೇಳುವುದು ಅವರ ಖಾತೆ. ತಂತ್ರಾಂಶ ತೆರೆದಾಗ ಕೇಳುವುದು ಅದರದೇ ಆದ ಬೇರೊಂದು ಖಾತೆ. ವಿಂಡೋಸ್ ಸರ್ವರ್‌ನ ಐಐಎಸ್ ವ್ಯವಸ್ಥೆಯಲ್ಲಿ ಇದನ್ನು ಅಪ್ಲಿಕೇಶನ್ ಪೂಲ್ ಖಾತೆ ಎನ್ನುತ್ತಾರೆ. ಸರ್ವರ್‌ನ ಒಳಗೆ ಮಾತ್ರ ಅದಕ್ಕೆ ಆ ಹೆಸರು. ಕಚೇರಿಯ ಯಂತ್ರಗಳೆಲ್ಲ ಒಂದೇ ಡೊಮೈನ್‌ಗೆ ಸೇರಿದ್ದರೆ, ಜಾಲದಲ್ಲಿ ಅದು ಸರ್ವರ್ ಯಂತ್ರದ ಹೆಸರಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಡೊಮೈನ್ ಇಲ್ಲದ ಸಣ್ಣ ಕಚೇರಿಯಲ್ಲಿ ಎದುರಿನ ಯಂತ್ರವು ಅದನ್ನು ಗುರುತಿಸುವುದೇ ಇಲ್ಲ. ಅಭಿಲೇಖಾಲಯದ ಬೀಗದ ಕೈ ಗುಮಾಸ್ತರ ಬಳಿ ಇದ್ದಮಾತ್ರಕ್ಕೆ, ಪರಿಚಯವಿಲ್ಲದ ಮತ್ತೊಬ್ಬರನ್ನು ಕಾವಲುಗಾರ ಒಳಗೆ ಬಿಡುವನೇ?

ಹಂಚಿಕೆ ಫೋಲ್ಡರಿಗೆ ಎರಡು ಬಾಗಿಲುಗಳಿವೆ ಎಂಬುದನ್ನೂ ತಂತ್ರಜ್ಞರು ಕೆಲವೊಮ್ಮೆ ಮರೆಯುವುದುಂಟು. ಹಂಚಿಕೆಯ ಅನುಮತಿ ಒಂದು, ಡಿಸ್ಕಿನಲ್ಲಿರುವ ಫೋಲ್ಡರಿನ ಅನುಮತಿ ಇನ್ನೊಂದು. ಜಾಲದ ಮೂಲಕ ಬರುವ ಖಾತೆ ಎರಡನ್ನೂ ದಾಟಬೇಕು; ಎರಡರಲ್ಲಿ ಕಡಿಮೆ ಇರುವ ಅಧಿಕಾರವೇ ಅನ್ವಯವಾಗುತ್ತದೆ.

ವಿಂಡೋಸ್ ನೀಡುವ ದೋಷಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಸಂಖ್ಯೆ 53 ಬಂದರೆ ದಾರಿಯೇ ಸಿಕ್ಕಿಲ್ಲ: ಎದುರಿನ ಯಂತ್ರ ಆರಿರಬಹುದು, ಹೆಸರು ತಪ್ಪಿರಬಹುದು, ಫೈರ್‌ವಾಲ್ 445ನೇ ಪೋರ್ಟನ್ನು ತಡೆದಿರಬಹುದು. ಸಂಖ್ಯೆ 1326 ಎಂದರೆ ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ. ಸಂಖ್ಯೆ 5 ಅನುಮತಿಯ ಕೊರತೆಯನ್ನು ತಿಳಿಸುತ್ತದೆ. ಅನುಮತಿಯ ದೋಷಕ್ಕೆ ಹೊಸ ಕೇಬಲ್ ಖರೀದಿಸಿ ಬಿಲ್ಲು ಮಂಜೂರಾತಿಗೆ ಬಂದಲ್ಲಿ ಸದಸ್ಯರು ಈ ಸಂಖ್ಯೆಯನ್ನು ಕೇಳಬಹುದು.

ಆಪರೇಟರ್‌ಗೆ ಕಾಣುವ ‘ಝಡ್’ ಡ್ರೈವ್ ಕೂಡ ಅನೇಕರನ್ನು ದಾರಿ ತಪ್ಪಿಸುತ್ತದೆ. ಆ ಅಕ್ಷರ ಅವರು ಲಾಗಿನ್ ಆದ ಅವಧಿಗೆ ಸೇರಿದ್ದು; ತಂತ್ರಾಂಶಕ್ಕೆ ಅದು ಕಾಣುವುದಿಲ್ಲ. ತಂತ್ರಾಂಶದಲ್ಲಿ ಎರಡು ಓರೆಗೆರೆಗಳಿಂದ ಆರಂಭವಾಗುವ ಪೂರ್ಣ ಜಾಲವಿಳಾಸವನ್ನೇ ನಮೂದಿಸಬೇಕು. ಸರ್ವರ್‌ನಲ್ಲೇ ಕುಳಿತು ನೋಡಿದರೆ ಪುಟ ತೆರೆದು, ಬೇರೆ ಮೇಜಿನಿಂದ ತೆರೆಯದಿದ್ದರೆ ಕಾರಣ ಬೇರೆ ಇರಬಹುದು: ತಂತ್ರಾಂಶವು ಬಳಕೆದಾರರದೇ ಗುರುತನ್ನು ಮುಂದಿನ ಯಂತ್ರಕ್ಕೆ ದಾಟಿಸಲು ಯತ್ನಿಸಿ ಸೋಲುತ್ತಿರಬಹುದು.

ಇನ್ನು ಪರಿಹಾರ. ಅವಸರದಲ್ಲಿ ‘ಎಲ್ಲರಿಗೂ ಪೂರ್ಣ ಅಧಿಕಾರ’ ಎಂದು ಗುರುತು ಹಾಕಿದರೆ ಪುಟ ಆ ಕ್ಷಣವೇ ತೆರೆಯಬಹುದು. ಆದರೆ ಅಂದಿನಿಂದ ಆ ಜಾಲದ ಯಾವ ಖಾತೆಯಾದರೂ ನಡವಳಿಯ ಪುಟವನ್ನು ಬದಲಿಸಬಹುದು, ಅಳಿಸಬಹುದು. ಒಂದು ಯಂತ್ರಕ್ಕೆ ತಗುಲಿದ ಕುತಂತ್ರಾಂಶ ಎಲ್ಲ ವಹಿಗಳನ್ನೂ ಹಾಳುಗೆಡವಬಹುದು. ಕಾಗದದ ವಹಿಯಲ್ಲಿ ತಿದ್ದಿದ ಗುರುತಾದರೂ ಉಳಿಯುತ್ತಿತ್ತು. ಹಳೆಯ ಎಸ್‌ಎಂಬಿ ಒಂದನೆಯ ಆವೃತ್ತಿಯನ್ನು ಮತ್ತೆ ಚಾಲನೆಗೊಳಿಸುವುದೂ ಅಷ್ಟೇ ಅಪಾಯಕರ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ಆ ಆವೃತ್ತಿಯ ದೋಷದ ಮೂಲಕವೇ.

ತಂತ್ರಾಂಶಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆದು, ಅಪ್ಲಿಕೇಶನ್ ಪೂಲ್ ಅದೇ ಹೆಸರಿನಲ್ಲಿ ನಡೆಯುವಂತೆ ಮಾಡುವುದು ಸೂಕ್ತ ಕ್ರಮ. ಡೊಮೈನ್ ಇಲ್ಲದಿದ್ದರೆ ಎರಡೂ ಯಂತ್ರಗಳಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇರಬೇಕು. ಹಳೆಯ ವಹಿಗಳ ಫೋಲ್ಡರಿಗೆ ಆ ಖಾತೆಗೆ ಓದುವ ಅನುಮತಿ ಸಾಕು. ಹೊಸ ಕಡತಗಳನ್ನು ಸೇರಿಸಬೇಕಿದ್ದಲ್ಲಿ ಬೇರೆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಕೊಡತಕ್ಕದ್ದು. ಆ ಖಾತೆಯ ಪಾಸ್‌ವರ್ಡ್ ಬದಲಾದ ಮೇಲೆ ತಂತ್ರಾಂಶದಲ್ಲಿಯೂ ಬದಲಿಸದಿದ್ದರೆ ಪುಟಗಳು ಮತ್ತೆ ತೆರೆಯದಾಗುತ್ತವೆ. ಆದ್ದರಿಂದ ಬದಲಾವಣೆಯ ದಿನಾಂಕವನ್ನೂ ಹೊಣೆ ಹೊತ್ತವರ ಪದನಾಮವನ್ನೂ ಕಚೇರಿಯ ವಹಿಯಲ್ಲಿ ನಮೂದಿಸುವುದು ಅಗತ್ಯ. ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಬಾರದು.