ಬಯಲಿನ ಇಟ್ಟಿಗೆ ಭಟ್ಟಿಗೆ ಶಾಖನಿರೋಧಕವಾದ ತಳ

ರಾಗಿಯ ಬಿಸ್ಕತ್ತು, ಬನ್ನು ಮೊದಲಾದುವುಗಳನ್ನು ಊರಿನಲ್ಲಿಯೇ ಬೇಯಿಸಿ ಮಾರಲು ಇಟ್ಟಿಗೆಯ ಭಟ್ಟಿಯು ಅನುಕೂಲವಾದ ಸಾಧನವು. ಅದರೊಳಗೆ ಸೌದೆಯನ್ನುರಿಸಿ, ಇಟ್ಟಿಗೆಗಳು ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಹೊರಕ್ಕೆಳೆದು, ಉಳಿದ ಶಾಖದಲ್ಲಿ ಪದಾರ್ಥಗಳನ್ನು ಬೇಯಿಸತಕ್ಕದ್ದು. ಕಲ್ಲಿನ ಮೇಲೆಯೇ ಇಟ್ಟಿಗೆ ಹಾಸಿ ಕಟ್ಟಿದ ಭಟ್ಟಿಯಲ್ಲಿ ಈ ಶಾಖವು ಬೇಗನೆ ಕೆಳಕ್ಕಿಳಿದು, ಬನ್ನಿನ ಮೇಲ್ಭಾಗ ಕಂದಿದರೂ ತಳ ಹಸಿಯಾಗಿಯೇ ಉಳಿಯುತ್ತದೆ. ಗುಮ್ಮಟಕ್ಕೆ ಮಣ್ಣು ಮೆತ್ತಿ ದಪ್ಪಮಾಡುವುದು ಕಟ್ಟಿದ ಮೇಲೂ ಸಾಧ್ಯ. ತಳವನ್ನಾದರೋ ಭಟ್ಟಿಯನ್ನು ಕೀಳದೆ ತಿದ್ದಲಾಗದು. ಇದಕ್ಕೆ ಸ್ಥಳವನ್ನೂ ಹಣವನ್ನೂ ಒದಗಿಸುವ ಗ್ರಾಮಮುಖ್ಯರೂ ಜಮೀನುದಾರರೂ ಈ ವಿಷಯವನ್ನು ಮೊದಲೇ ಗಮನಿಸಬೇಕು.

ತತ್ವ.— ಕಲ್ಲು, ಕಾಂಕ್ರೀಟುಗಳು ಶಾಖವನ್ನು ಹೀರಿ ಸಾಗಿಸುತ್ತವೆ. ಮರಳು ಶಾಖವನ್ನು ತಡೆಯುವುದೆಂಬ ನಂಬಿಕೆಯೂ ಸರಿಯಲ್ಲ. ತಡೆಯತಕ್ಕದ್ದು ಸಣ್ಣ ರಂಧ್ರಗಳಲ್ಲಿ ಅಲುಗದೆ ನಿಂತ ಗಾಳಿ. ಆ ರಂಧ್ರಗಳಲ್ಲಿ ನೀರು ಸೇರಿದರೆ ಪ್ರಯೋಜನವಿಲ್ಲ. ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಮೇಲಾಗಿ, ಒಂದು ಸೇರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖದ ಸುಮಾರು 7 ಪಟ್ಟು ಅದನ್ನು ಆವಿಮಾಡಲು ವ್ಯಯವಾಗುತ್ತದೆ. ತೇವದ ತಳವು ಸೌದೆಯನ್ನು ನುಂಗುವುದು ಹೀಗೆಯೇ.

ಕಟ್ಟೆ.— ನೀರು ನಿಲ್ಲದ, ಬಣವೆ ಕೊಟ್ಟಿಗೆಗಳಿಂದ ದೂರವಾದ ಸ್ಥಳವನ್ನಾರಿಸಬೇಕು. ಎರೆನೆಲವು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ, ಗಟ್ಟಿನೆಲ ಸಿಕ್ಕುವವರೆಗೆ ಅಗೆದು ಗರಸು ತುಂಬಿ ದಿಮ್ಮಸು ಹಾಕಿಸತಕ್ಕದ್ದು. ಅದರ ಮೇಲೆ 2½ ಅಡಿ ಎತ್ತರದ ಗೋಡೆಗಳನ್ನೆಬ್ಬಿಸಿ, ನಡುವೆ ಪೊಳ್ಳುಬಿಟ್ಟು, ಕಲ್ಲುಚಪ್ಪಡಿ ಹಾಸಬೇಕು. ಪೊಳ್ಳಿನಿಂದ ನೆಲದ ತೇವ ಮೇಲೇರುವುದು ಕಡಿಮೆಯಾಗುವುದು. ಸೌದೆ ಇಡಲು ಗೂಡೂ ಆಗುವುದು.

ತಡೆಯುವ ಪದರ.— ಜೇಡಿಮಣ್ಣಿಗೆ ಭತ್ತದ ಹೊಟ್ಟನ್ನು ಬೆರೆಸಿ ಕೊಯ್ದು ಸುಟ್ಟ ಇಟ್ಟಿಗೆಗಳಲ್ಲಿ, ಹೊಟ್ಟು ಉರಿದುಹೋದೆಡೆ ರಂಧ್ರಗಳುಳಿಯುತ್ತವೆ. ಗುಮ್ಮಟದ ಗೋಡೆ ಕೂಡುವ ಸುತ್ತಿನಲ್ಲಿ ಇಂಥ ಇಟ್ಟಿಗೆಗಳ ಎರಡು ವರಸೆ, ಅಂದರೆ ಸುಮಾರು 5 ಅಂಗುಲ, ಇಡಬೇಕು. ಇವು ಶಾಖವನ್ನು ತಡೆದು ಭಾರವನ್ನೂ ಹೊರುತ್ತವೆ. ನಡುವೆ ಪೂರ್ಣವಾಗಿ ಸುಟ್ಟ ಹೊಟ್ಟಿನ ಬೂದಿಗೆ ಅಂಟುವಷ್ಟು ಮಾತ್ರ ಜೇಡಿಯ ತಿಳಿಯನ್ನು ಕಲಸಿ, ಅದೇ ಮಟ್ಟಕ್ಕೆ ಮೆಲ್ಲಗೆ ತಟ್ಟಿ ತುಂಬತಕ್ಕದ್ದು. ಬಲವಾಗಿ ಬಡಿದರೆ ಗಾಳಿಯ ಎಡೆಗಳು ಮುಚ್ಚಿಹೋಗುವುವು. ಸುಡದ ಹೊಟ್ಟನ್ನು ತುಂಬಕೂಡದು. ಅದು ಕ್ರಮೇಣ ಕರಿದಾಗಿ ಕುಗ್ಗಿ, ಮೇಲಿನ ನೆಲ ಕುಸಿಯುವುದು. ಬೂದಿಯ ಧೂಳು ಶ್ವಾಸಕೋಶಗಳಿಗೆ ಕೇಡಾದ್ದರಿಂದ ಕೆಲಸದವರು ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ನೆಲ.— ಪದರವು ಒಣಗಿದ ಮೇಲೆ, ಮಟ್ಟಮಾಡುವುದಕ್ಕಾಗಿ ಮಾತ್ರ ½ ಅಂಗುಲ ಸಣ್ಣ ಮರಳನ್ನು ಹರಡಿ, ಚೆನ್ನಾಗಿ ಬೆಂದ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಒತ್ತಾಗಿ ಜೋಡಿಸಿ ರಸಮಟ್ಟದಿಂದ ಪರೀಕ್ಷಿಸಬೇಕು. ಗಾರೆಯಿಲ್ಲದಿದ್ದರೆ ಇಟ್ಟಿಗೆಗಳು ಕಾದಾಗ ಹಿಗ್ಗಲು ಅವಕಾಶವಿರುವುದು. ಒಡೆದುದನ್ನು ಬದಲಿಸಲೂ ಸುಲಭ.

ಒಣಗಿಸುವಿಕೆ.— ಗುಮ್ಮಟ ಮುಗಿದ ಮೇಲೆ ಒಂದೆರಡು ವಾರ ನೆರಳಿನಲ್ಲಿ ಆರಗೊಟ್ಟು, ಆಮೇಲೆ 5–6 ದಿನ ಸಣ್ಣ ಉರಿಯನ್ನು ದಿನದಿನಕ್ಕೆ ಸ್ವಲ್ಪ ಹೆಚ್ಚಿಸುತ್ತ ಹಾಕಬೇಕು. ಮೊದಲ ದಿನವೇ ಜೋರಾಗಿ ಉರಿಸಿದರೆ ಒಳಗಿನ ನೀರು ಆವಿಯಾಗಿ ಕಟ್ಟಡ ಬಿರಿಯುವುದು. ಭಟ್ಟಿಯ ಮೇಲೆ ಹೆಂಚಿನ ಅಥವಾ ತಗಡಿನ ಮಾಡು ಅವಶ್ಯ, ಹುಲ್ಲಿನದು ಅಪಾಯಕರ.

ಪರೀಕ್ಷೆ.— ಭಟ್ಟಿ ಪೂರ್ಣವಾಗಿ ಕಾದಿರುವಾಗ ಗೂಡಿನೊಳಗೆ ಚಪ್ಪಡಿಯ ಅಡಿಗೆ ಅಂಗೈಯನ್ನು ಸಮೀಪಿಸಿ ನೋಡಬಹುದು. ಉಗುರುಬೆಚ್ಚಗಿದ್ದರೆ ತಳ ಸರಿಯಾಗಿದೆ. ಝಳ ಹೊಡೆದರೆ ಸೌದೆಯ ಹಣ ಅಲ್ಲಿ ಸೋರುತ್ತಿದೆಯೆಂದು ತಿಳಿಯತಕ್ಕದ್ದು. ತಳಕ್ಕೆ ಬೀಳುವ ಹೆಚ್ಚಿನ ಕೂಲಿ ಒಂದೇ ಸಲದ್ದು. ಸೋರುವ ಭಟ್ಟಿಗೆ ತೆರುವ ಸೌದೆಯಾದರೋ ಪ್ರತಿದಿನದ್ದು.