ರಾಯರಿಗೆ ಬೆಳ್ಳಿ ಒಪ್ಪಿಸುವವರ ಗಮನಕ್ಕೆ

ಶ್ರಾವಣ ಬಹುಳ ಬಿದಿಗೆಯ ರಾಘವೇಂದ್ರ ರಾಯರ ಆರಾಧನೆಗೆ ಮಂತ್ರಾಲಯಕ್ಕೆ ಬೆಳ್ಳಿ ಸಾಮಾನು ಒಯ್ಯುವವರು, ಅದನ್ನು ಆದವಾನಿ ಪೇಟೆಯಲ್ಲಿ ಮಾಡಿಸುವವರು, ಮುಂಗಡ ಕೊಡುವ ಮೊದಲು ಇದನ್ನು ಓದಬೇಕು.

ಮಾಡಬೇಕಾದ್ದು

ಯಾವ ಸೇವೆಗೆ ಏನು ಬೇಕೆಂದು ಮೊದಲು ಮಠದ ಕಚೇರಿಯಲ್ಲಿ ಕೇಳಿ. ನಮೂನೆಯ ಮಾತು ಆಮೇಲೆ. ಅರ್ಚಕರ ಕೈಗೆ ನಿತ್ಯ ಒದಗುವ ಸಾದಾ ಪಂಚಪಾತ್ರೆ, ಕಪಾಟಿನಲ್ಲಿ ಕೂರುವ ಕುಸುರಿ ತಟ್ಟೆಗಿಂತ ಮೇಲು.

ತೂಕ ನಿಮ್ಮ ಕಣ್ಣೆದುರೇ ಆಗಲಿ. ಉಬ್ಬುಕೆಲಸದ ಪೊಳ್ಳಿನಲ್ಲಿ ಅರಗು ತುಂಬಿರಬಹುದು, ಪೀಠದ ತಗಡಿನ ಕೆಳಗೆ ಮರವಿರಬಹುದು. ಅವನ್ನು ಬಿಟ್ಟು ಬೆಳ್ಳಿ ಎಷ್ಟೆಂದು ಚೀಟಿಯಲ್ಲಿ ಬರೆಸಿ. ಹಾಲ್‌ಮಾರ್ಕಿನ 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ರಷ್ಯದ ಹಳೆಯ ಬೆಳ್ಳಿಯ ಮೇಲೆ 84 ಎಂಬ ಮುದ್ರೆ ಇರುತ್ತದೆ. ಅದು ನೂರಕ್ಕಲ್ಲ, 96ಕ್ಕೆ 84, ಅಂದರೆ ಸಾವಿರಕ್ಕೆ 875. ಅಂಕಿ ಯಾವ ಲೆಕ್ಕದ್ದೆಂದು ಕೇಳಿಯೇ ಕೊಳ್ಳಿ.

ಮಾಡಬಾರದ್ದು

ಆರತಿ ತಟ್ಟೆಗೆ ಮೀನಾ ಕೆಲಸ ಮಾಡಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮೀನಾ ಎಂದರೆ ಬರೀ ಬಣ್ಣವಲ್ಲ, ಗಾಜು. ಅದರ ಒಂದು ಬಗೆಯಲ್ಲಿ ಬೆಳ್ಳಿಯ ಮೇಲೆ ಎಳೆತಂತಿಯಿಂದ ಪುಟ್ಟ ಪುಟ್ಟ ಮನೆ ಕಟ್ಟಿ, ಒಳಗೆ ಗಾಜಿನ ಪುಡಿ ತುಂಬಿ ಕುಲುಮೆಯಲ್ಲಿ ಕರಗಿಸುತ್ತಾರೆ. ಮೇಲೆ ಕರ್ಪೂರ ಉರಿದರೆ ಗಾಜೂ ಬೆಳ್ಳಿಯೂ ಒಂದೇ ಹದಕ್ಕೆ ಹಿಗ್ಗುವುದಿಲ್ಲ. ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ಚಕ್ಕೆ. ಮಾಸ್ಕೋದ ಓವ್ಚಿನ್ನಿಕೋವ್, ಖ್ಲೆಬ್ನಿಕೋವ್ ಕಾರ್ಖಾನೆಗಳವರು ಒಂದು ಕಾಲಕ್ಕೆ ಈ ಕೆಲಸದಲ್ಲಿ ಎತ್ತಿದ ಕೈಯಾಗಿದ್ದರು. ರಷ್ಯದ ಊರವರು ಇಂಥ ತಟ್ಟೆಗಳಲ್ಲಿ ರೊಟ್ಟಿ, ಉಪ್ಪು ಇಟ್ಟು ಝಾರ್ ದೊರೆಯನ್ನು ಎದುರುಗೊಳ್ಳುತ್ತಿದ್ದರು, ನಾವು ಪೂರ್ಣಕುಂಭ ಹಿಡಿದಂತೆ. ಅದು ರೊಟ್ಟಿ ಹೊತ್ತ ತಟ್ಟೆ, ಬೆಂಕಿ ಹೊತ್ತದ್ದಲ್ಲ. ಮೀನಾ ಬೇಕೇಬೇಕೆಂದರೆ ಹೂವಿನ ತಟ್ಟೆಗೆ ಮಾಡಿಸಿ.

ಮೀನಾ ತಟ್ಟೆಗೆ ಹುಣಸೆಹಣ್ಣು, ನಿಂಬೆ, ಹಲ್ಲುಪುಡಿ ಸೋಕಿಸಬೇಡಿ. ಮೆತ್ತನೆಯ ಹತ್ತಿ ಬಟ್ಟೆ ಸಾಕು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ನಿಮ್ಮ ಹೆಸರನ್ನು ತಟ್ಟೆಯ ನಡುವೆ ಕೊರೆಸಬೇಡಿ.

ಇಷ್ಟಾದರೆ ಇಷ್ಟು ಬೆಳ್ಳಿ ಎಂದು ರಾಯರೊಡನೆ ಚೌಕಾಸಿ ಮಾಡಬೇಡಿ. ಆಗ ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಪರೀಕ್ಷೆಗೆಂದು ಮುಸುಕು ಹಾಕಿದ ತಟ್ಟೆಯಲ್ಲಿ ಮಾಂಸ ಕಳಿಸಿದನೆಂದೂ ಮುಸುಕು ತೆಗೆದರೆ ಹಣ್ಣುಗಳಿದ್ದವೆಂದೂ ಈ ಸೀಮೆಯಲ್ಲಿ ಕಥೆಯಿದೆ. ಅವನು ಏನು ಬೇಕಾದರೂ ಕೊಡುತ್ತೇನೆಂದಾಗ ರಾಯರು ಕೇಳಿದ್ದು ಬೆಳ್ಳಿಯನ್ನಲ್ಲ, ತುಂಗಭದ್ರೆಯ ದಂಡೆಯ ಮಂಚಾಲೆಯನ್ನು, ಅಂದರೆ ಈಗಿನ ಮಂತ್ರಾಲಯವನ್ನು. 1671ರಲ್ಲಿ ಅಲ್ಲಿಯೇ ಅವರು ವೃಂದಾವನಸ್ಥರಾದರು.

ತೂಕ ಬರೆದ ರಸೀದಿ ಕೈಗೆ ಬರುವವರೆಗೆ ಮಠದ ಕಚೇರಿಯಿಂದ ಕದಲಬೇಡಿ.