ಬೈಕಿನ ಮುಂದಿನ ಶಾಕ್: ರಿಪೇರಿ ಸಾಕೋ, ಹೊಸದೇ ಬೇಕೋ?



ದಂಡಿಗನಹಳ್ಳಿ ಹೋಬಳಿಯ ನಮ್ಮ ಹಳ್ಳಿಗಳಲ್ಲಿ ಡೇರಿಗೆ ಹಾಲಿನ ಕ್ಯಾನು, ತೋಟದಿಂದ ಹುಲ್ಲಿನ ಹೊರೆ, ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೋಗುವವರು, ಎಲ್ಲಕ್ಕೂ ಬೈಕೇ ಆಧಾರ. "ಓಡಿಸೋರು ಗಂಡಸರು, ನಮಗ್ಯಾಕೆ ಅದರ ಉಸಾಬರಿ?" ಎನ್ನುತ್ತೇವೆ. ಆದರೆ ಮಗುವನ್ನು ಹಿಡಿದು ಹಿಂದೆ ಕೂರುವವರು ನಾವು. ರಿಪೇರಿಗೆ ಸಂಘದಲ್ಲಿ ಸಾಲ ಕೇಳುವವರೂ ನಾವೇ. ಆದ್ದರಿಂದ ಈ ವಿಷಯ ತಿಳಿದಿರೋಣ.

ಮುಂದಿನ ಚಕ್ರದ ಎರಡೂ ಪಕ್ಕ ಇರುವ ಉದ್ದನೆಯ ಕೊಳವೆಗಳೇ ಫೋರ್ಕ್. ನಾವು ಶಾಕ್ ಎನ್ನುತ್ತೇವೆ. ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುತ್ತದೆ. ಸ್ಪ್ರಿಂಗ್ ಹಳ್ಳದ ಏಟು ತಡೆಯುತ್ತದೆ, ಆಯಿಲ್ ಅದರ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಆಯಿಲ್ ಹೊರಗೆ ಬಾರದಂತೆ ತಡೆಯುವುದು ರಬ್ಬರಿನ ಆಯಿಲ್ ಸೀಲ್.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

1. ಹೊಳೆಯುವ ಪೈಪನ್ನು ಬಟ್ಟೆಯಿಂದ ಒರೆಸಿ. ಒಬ್ಬರು ಗಾಡಿಯ ಮೇಲೆ ಕುಳಿತು, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲನ್ನು ನಾಲ್ಕೈದು ಸಲ ಅದುಮಲಿ. ಪೈಪಿನ ಮೇಲೆ ಆಯಿಲ್ ಕಂಡರೆ ಸೀಲ್ ಹೋಗಿದೆ.
2. ಬ್ರೇಕ್ ಹಿಡಿದಾಗ ಮುಂಭಾಗ ದಢಕ್ಕನೆ ಕುಸಿಯುತ್ತದೆಯೇ? ಹಳ್ಳದಲ್ಲಿ 'ಟಕ್' ಎಂದು ಬಡಿಯುತ್ತದೆಯೇ?
3. ಹ್ಯಾಂಡಲ್ ಒಂದೇ ಕಡೆಗೆ ಎಳೆಯುತ್ತದೆಯೇ? ಬಿದ್ದ ಗಾಡಿಯಾದರೆ ಫೋರ್ಕ್ ಬೆಂಡ್ ಆಗಿರಬಹುದು.

ರಿಪೇರಿ ಯಾವಾಗ ಸಾಕು?

ಪೈಪ್ ನೇರವಾಗಿ, ನುಣುಪಾಗಿ ಇದ್ದರೆ ಸೀಲ್ ಮತ್ತು ಆಯಿಲ್ ಬದಲಿಸಿದರೆ ಸಾಕು. ಒಂದೇ ಕಡೆ ಸೋರಿದರೂ ಎರಡೂ ಕಡೆ ಬದಲಿಸುವುದು ಒಳ್ಳೆಯದು. ಆಯಿಲ್ ಎರಡರಲ್ಲೂ ಕಂಪನಿ ಹೇಳಿದಷ್ಟೇ, ಸಮನಾಗಿರಬೇಕು.

ಹೊಸದು ಯಾವಾಗ ಬೇಕು?

ಸೀಲ್ ಓಡಾಡುವ ಜಾಗದಲ್ಲಿ ಪೈಪ್ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸ ಸೀಲ್ ಕೂಡ ಬೇಗ ಹರಿಯುತ್ತದೆ. ಅಲ್ಲಿ ಪೈಪನ್ನೇ ಬದಲಿಸಬೇಕು. ಬೆಂಡಾದ ಪೈಪನ್ನು ಬಡಿದು ನೆಟ್ಟಗೆ ಮಾಡಿಸಬೇಡಿ, ಅದರ ಬಲ ಕುಂದಿರುತ್ತದೆ.

"ಇನ್ನೊಂದು ತಿಂಗಳು ಓಡ್ಲಿ ಬಿಡೇ" ಎಂದರೆ ಒಪ್ಪಬೇಡಿ. ಸೋರಿದ ಆಯಿಲ್ ಡಿಸ್ಕ್ ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಹಾಲಿನ ಕ್ಯಾನು ಚೆಲ್ಲಿದರೆ ಒಂದು ದಿನದ ನಷ್ಟ. ಮನೆಯವರು ಬಿದ್ದರೆ ಆ ನಷ್ಟ ತುಂಬುವ ಸಾಲ ಯಾವ ಸಂಘದಲ್ಲೂ ಇಲ್ಲ.

ಗ್ಯಾರೇಜಿಗೆ ಹೋದಾಗ ಮೊದಲು ಖರ್ಚು ಕೇಳಿ. ಬಿಚ್ಚಿದ ಪೈಪನ್ನು ತೋರಿಸಲು ಹೇಳಿ. ಹಳೇ ಸಾಮಾನು ಮತ್ತು ಬಿಲ್ಲು ಪಡೆದುಕೊಳ್ಳಿ. ಆ ಬಿಲ್ಲನ್ನು ಸಂಘದ ಸಭೆಯಲ್ಲಿ ಇಟ್ಟರೆ ಸಾಲದ ಲೆಕ್ಕವೂ ಚೊಕ್ಕ. ಕೆಸರಿನಲ್ಲಿ ಓಡಿಸಿದ ದಿನ ಪೈಪನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟರೆ ಸೀಲ್ ಹೆಚ್ಚು ಕಾಲ ಬಾಳುತ್ತದೆ.

ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದರೂ ಅಲ್ಲಿ ತಯಾರಾದ ಗಾಡಿಗಳು ಇಂದಿಗೂ ಓಡುತ್ತಿವೆ. ಸವೆದದ್ದನ್ನು ಸಕಾಲಕ್ಕೆ ಬದಲಿಸಿದವರ ಗಾಡಿಗಳು ಅವು.

ಸಭೆಯಲ್ಲಿ ಚರ್ಚಿಸೋಣ:

1. ನಮ್ಮಲ್ಲಿ ಎಷ್ಟು ಮನೆಯ ಬೈಕಿನ ಶಾಕ್ ಸೋರುತ್ತಿದೆ?
2. ಇಂಥ ರಿಪೇರಿಗೆ ಸಂಘದಿಂದ ತುರ್ತು ಸಾಲ ಕೊಡಬಹುದೇ? ಎಷ್ಟು ಕಂತು?
3. ಹಿಂದೆ ಕೂರುವ ನಾವೂ ಹೆಲ್ಮೆಟ್ ಹಾಕುತ್ತಿದ್ದೇವೆಯೇ?